ತಜ್ಞರ ಅಭಿಪ್ರಾಯದಂತೆ

ಸಚಿವಾಲಯದ ಮೂರನೇ ಮಹಡಿಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಜವಾನನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರಿಗೂ ಅವನು ಶುದ್ಧಪ್ರತಿ. ಸರ್ಕಾರದ ಮುಖ್ಯಸ್ಥರ ಶೀಘ್ರಲಿಪಿಕಾರ. ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಗೀಚಿಕೊಂಡು ಬಂದು, ತಿದ್ದಿ ತೀಡಿ, ಸಹಿಗೆ ತಕ್ಕ ಆದೇಶವಾಗಿ ಟೈಪ್ ಮಾಡಿಕೊಡುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ಕಡತವೂ ತಪ್ಪು ಹೊತ್ತು ವಾಪಸ್ ಬಂದಿರಲಿಲ್ಲ. ಆ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ಹೆಮ್ಮೆಯೇನು ಬಂತು, ಒಳಗೊಳಗೇ ಒಳ್ಳೆ ಜಂಭವೇ ಇತ್ತೆನ್ನಿ.

ಸಾಹೇಬರು ದೈವಭಕ್ತರು. ಕ್ಯಾಮೆರಾ ಬಂದಾಗ ಮಾತ್ರ ಕಣ್ಣು ಮುಚ್ಚುವ ಭಕ್ತಿಯಲ್ಲ, ಅಪ್ಪಟವಾದದ್ದು. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಕಚೇರಿಯ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬರೇ ಪ್ರಾರ್ಥನೆಗೆ ಕೂರುತ್ತಿದ್ದರು. ಲಂಚ ಮುಟ್ಟಿದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ, ಸುಳ್ಳೆಂದರೆ ಅವರಿಗೆ ಮೈ ಉರಿಯುತ್ತಿತ್ತು. ಪ್ರಾರ್ಥನೆ ಮುಗಿಸಿ ಬಂದ ಮೊದಲ ಅರ್ಧ ಗಂಟೆಯಲ್ಲಿ ಹೊಳೆದದ್ದನ್ನು ದೇವರೇ ಹೊಳೆಯಿಸಿದ್ದೆಂದು ಅವರು ನಂಬಿದ್ದರು. ಆ ಅರ್ಧ ಗಂಟೆ ನೋಟ್‌ಬುಕ್ ಹಿಡಿದು ಎದುರಿಗೆ ಕೂರುತ್ತಿದ್ದವನು ಶುದ್ಧಪ್ರತಿಯೊಬ್ಬನೇ.

ಹಾಗಾಗಿ ದೇವರ ಮಾತು ಸರ್ಕಾರದ ಮಾತಾಗುತ್ತಿದ್ದದ್ದು ಅವನ ಬೆರಳ ತುದಿಯಲ್ಲಿ. ‘ಜೂಜು ದೇವರಿಗೆ ಮಾಡುವ ಅವಮಾನ, ಲಾಟರಿ ಮುಚ್ಚಿ’ ಎಂದು ಸಾಹೇಬರು ಹೇಳಿದರೆ, ಇವನು ‘ಆರ್ಥಿಕ ತಜ್ಞರ ಅಭಿಪ್ರಾಯದಂತೆ, ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಶುರು ಮಾಡುತ್ತಿದ್ದ. ‘ದೇವರೆದುರು ಕೊಟ್ಟ ಮಾತನ್ನು ಅವಸರದಲ್ಲಿ ಮುರಿಯಬಾರದು, ವಿಚ್ಛೇದನ ಕೇಳಿದವರು ಎರಡು ವರ್ಷ ಕಾಯಲಿ’ ಎಂದರೆ ಅಲ್ಲೊಬ್ಬ ಸಮಾಜ ತಜ್ಞ ಹುಟ್ಟಿಕೊಳ್ಳುತ್ತಿದ್ದ. ಯಾರೂ ಹೀಗೆ ಬರೆ ಎಂದು ಹೇಳಿಕೊಟ್ಟಿರಲಿಲ್ಲ. ಮೊದಲನೇ ವರ್ಷ ಕಾನೂನು ಕಾರ್ಯದರ್ಶಿಗಳು ಬೆನ್ನು ತಟ್ಟಿದ್ದರು, ಅಷ್ಟೇ ಸಾಕಾಯಿತು. ಸಾಹೇಬರು ಆದೇಶದ ಕೊನೆಯ ಸಾಲು ಓದಿ ಸಹಿ ಹಾಕುತ್ತಿದ್ದರು. ಮೇಲಿನ ಕಾರಣಗಳನ್ನು ಓದುವ ಅಗತ್ಯ ಅವರಿಗೇನಿತ್ತು? ಕಾರಣ ಅವರಿಗೆ ಗೊತ್ತೇ ಇತ್ತಲ್ಲ!

ಮನೆಯಲ್ಲಿದ್ದದ್ದು ಅವನು ಮತ್ತು ಅವನ ಅಕ್ಕ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಅಂಗಿಯ ಕಾಲರ್ ಹೊಲಿದು ಹೊಲಿದೇ ಓದಿಸಿದವಳು ಅವಳು. ಎರಡು ವರ್ಷದ ಹಿಂದೆ ಕಣ್ಣಿಗೆ ಸೋಂಕು ತಗುಲಿ, ಎರಡೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಬೆಳ್ಳಗಾಗಿ ಹೋಯಿತು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ಸತ್ತವರ ಕಣ್ಣಿನ ಪೊರೆ ತೆಗೆದು ಜೋಡಿಸಿದರೆ ಮಾತ್ರ ಉಂಟು, ಇಲ್ಲದಿದ್ದರೆ ಇಲ್ಲ ಎಂದಿದ್ದರು ವೈದ್ಯರು. ನಾಲಿಗೆ ಮಾತ್ರ ಮೊದಲಿಗಿಂತ ಹರಿತವಾಗಿತ್ತು. “ನಿನ್ನ ಮೋರೆ ನೋಡೋದು ತಪ್ಪಿತಲ್ಲ, ಅದೇ ನನಗೆ ಲಾಭ ಕಣೋ,” ಎನ್ನುತ್ತಿದ್ದಳು. ಅಂದರೂ ಸಂಜೆ ಅವನು ಬಾಗಿಲು ತೆರೆದ ಸದ್ದಿಗೆ ಮುಖ ಅತ್ತ ತಿರುಗುತ್ತಿತ್ತು.

ಕಣ್ಣಾಸ್ಪತ್ರೆಯ ಸರದಿ ಪಟ್ಟಿಯಲ್ಲಿ ಅವಳ ಹಿಂದಿನ ಸಂಖ್ಯೆ ಒಬ್ಬ ಗಡಿಯಾರ ರಿಪೇರಿಯವರದು. ಅರವತ್ತರ ಆಸುಪಾಸಿನ, ತಣ್ಣನೆಯ ದನಿಯ ಮನುಷ್ಯ. ತಿಂಗಳಿಗೊಮ್ಮೆ ಒಂದೇ ಬೆಂಚಿನ ಮೇಲೆ ಕೂತು ಕೂತು ಅವರಿಬ್ಬರಿಗೂ ಗೆಳೆತನವಾಗಿತ್ತು. ಅಕ್ಕ ಅವರನ್ನು ವಾಚಣ್ಣ ಎನ್ನುತ್ತಿದ್ದಳು. ಅವರದು ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದದ್ದರಲ್ಲಿ ಹುಣ್ಣು. ಹೆಚ್ಚು ದಿನ ಬಿಡುವ ಹಾಗಿರಲಿಲ್ಲ.

ಆ ಶನಿವಾರ ಆಸ್ಪತ್ರೆಯಿಂದ ಫೋನ್ ಬಂತು: ಕಣ್ಣು ಸಿಕ್ಕಿದೆ, ಗುರುವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ. ಅಕ್ಕ ಎದ್ದು ಹೋಗಿ, ಎರಡು ವರ್ಷದಿಂದ ಮುಚ್ಚಿಟ್ಟಿದ್ದ ಹೊಲಿಗೆ ಯಂತ್ರದ ಹೊದಿಕೆ ತೆಗೆದು ಚಕ್ರ ತಿರುಗಿಸಿ ನೋಡಿದಳು. ತುಕ್ಕು ಹಿಡಿದಿದೆಯೇನೋ ಎಂದು ಬೈದಳು.

ಸೋಮವಾರ ಸಾಹೇಬರು ಪ್ರಾರ್ಥನೆ ಮುಗಿಸಿ ಬಂದಾಗ ಅವರ ಮುಖ ಸೊರಗಿತ್ತು. ಹತ್ತು ದಿನದ ಹಿಂದೆ ಅವರ ತಾಯಿ ತೀರಿಕೊಂಡಿದ್ದರು. ಎಂದೋ ಕಣ್ಣು ದಾನದ ಚೀಟಿಗೆ ಮುದುಕಿ ಸಹಿ ಹಾಕಿದ್ದರಂತೆ. ಹೆಣ ಇನ್ನೂ ಮಲಗಿಸಿದಲ್ಲೇ ಇರುವಾಗ ಆಸ್ಪತ್ರೆಯವರು ಪೆಟ್ಟಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಸಾಹೇಬರು ಅವರನ್ನು ಹೊರಗಟ್ಟಿದ್ದರು.

“ಬರ್ಕೊಳ್ಳಿ,” ಎಂದರು. “ಹತ್ತು ದಿನದಿಂದ ದೇವರನ್ನ ಕೇಳ್ತಾ ಇದ್ದೆ. ಇವತ್ತು ಉತ್ತರ ಸಿಕ್ತು. ದೇವರು ಕೊಟ್ಟ ದೇಹ ಪೂರ್ತಿಯಾಗಿ ದೇವರ ಹತ್ರ ಹೋಗಬೇಕು. ಕಣ್ಣು ಕಿತ್ತುಕೊಂಡು ಕಳಿಸಿದ್ರೆ ಅವರು ಅಲ್ಲಿ ಅವನ ಮುಖ ಹೇಗೆ ನೋಡ್ತಾರೆ? ಸತ್ತವರ ಕಣ್ಣು ತೆಗೆಯೋದು, ಇಟ್ಟುಕೊಳ್ಳೋದು, ಇನ್ನೊಬ್ಬರಿಗೆ ಜೋಡಿಸೋದು, ಮೂರೂ ನಿಲ್ಲಬೇಕು. ಸಹಿಯಾದ ಕ್ಷಣದಿಂದ.”

ಶುದ್ಧಪ್ರತಿಯ ಪೆನ್ಸಿಲ್ ನಿಲ್ಲಲಿಲ್ಲ. ಕೈಗೆ ಅಭ್ಯಾಸವಾಗಿತ್ತು, ತನ್ನ ಪಾಡಿಗೆ ತಾನು ಬರೆದುಕೊಂಡಿತು. ಗುರುವಾರಕ್ಕೆ ಇನ್ನು ಮೂರು ದಿನ. ಇವನು ಇವತ್ತು ಟೈಪ್ ಮಾಡಿದರೆ ನಾಳೆ ಕಾನೂನು ಇಲಾಖೆ, ಬುಧವಾರ ಸಹಿ.

ತನ್ನ ಮೇಜಿಗೆ ಬಂದು ಕಾಗದ ಏರಿಸಿದ. ‘ವೈದ್ಯಕೀಯ ತಜ್ಞರ ಅಭಿಪ್ರಾಯದಂತೆ’ ಎಂದು ಹೊಡೆಯಲು ಬೆರಳು ತಾನಾಗಿಯೇ ಹೊರಟಿತು. ಯಾವ ತಜ್ಞ? ಅಕ್ಕನ ಕಣ್ಣು ನೋಡಿದ ವೈದ್ಯನೇ? ಅವನು ಕೈ ತೆಗೆದ. ಹೋಗಿ ನೀರು ಕುಡಿದು ಬಂದ. ಮತ್ತೆ ಕೂತ. ಆಮೇಲೆ ಹನ್ನೊಂದು ವರ್ಷದಲ್ಲಿ ಮಾಡದಿದ್ದ ಕೆಲಸ ಮಾಡಿದ. ಸಾಹೇಬರು ಏನು ಹೇಳಿದರೋ ಅದನ್ನೇ, ಒಂದು ಪದವನ್ನೂ ಆಚೀಚೆ ಮಾಡದೆ ಟೈಪ್ ಮಾಡಿದ. ‘ಹತ್ತು ದಿನದಿಂದ ದೇವರನ್ನು ಕೇಳುತ್ತಿದ್ದೆ. ಇವತ್ತು ಉತ್ತರ ಸಿಕ್ಕಿತು.’ ಸರ್ಕಾರದ ಮುದ್ರೆಯ ಕೆಳಗೆ ಆ ಸಾಲು ಕೂತದ್ದನ್ನು ನೋಡಿ ಅವನಿಗೇ ಗಾಬರಿಯಾಯಿತು. ಯಾರೂ ಇದಕ್ಕೆ ಒಪ್ಪುವುದಿಲ್ಲ, ಕಡತ ಒಂದು ವಾರ ಅತ್ತಿಂದಿತ್ತ ಅಲೆದಾಡುತ್ತದೆ, ಅಷ್ಟರಲ್ಲಿ ಗುರುವಾರ ಕಳೆದಿರುತ್ತದೆ ಎನ್ನುವುದು ಅವನ ಲೆಕ್ಕಾಚಾರ.

ಮಂಗಳವಾರ ಮಧ್ಯಾಹ್ನ ಕಾನೂನು ಕಾರ್ಯದರ್ಶಿಗಳು ಫೋನಿನಲ್ಲೇ ಹೌಹಾರಿದರು. “ಏನ್ರೀ ಇದು? ತಲೆಗಿಲೆ ಕೆಟ್ಟಿದೆಯಾ? ಇದನ್ನ ಕೋರ್ಟು ಒಂದೇ ದಿನದಲ್ಲಿ ಹರಿದು ಬಿಸಾಕುತ್ತೆ. ನಿಮ್ಮ ಮಾಮೂಲಿ ನಾಲ್ಕು ಸಾಲು ಸೇರಿಸಿ ಕಳಿಸಿ.”

“ಸಾಹೇಬರು ಹೇಳಿದ್ದೇ ಅಷ್ಟು ಸರ್,” ಎಂದ.

ಬುಧವಾರ ಒಂಬತ್ತಕ್ಕೆ ಅವನು ಒಳಗೆ ಹೋದಾಗ ಕಡತ ಸಾಹೇಬರ ಮುಂದೆ ಬಿಚ್ಚಿಕೊಂಡಿತ್ತು. ಕಾನೂನಿನವರು ದೂರು ಕೊಟ್ಟಾಗಿತ್ತು. ಸಾಹೇಬರು ಕೂರಲು ಹೇಳಲಿಲ್ಲ.

“ಇದು ಯಾರ ಮಾತು?”

“ನಿಮ್ಮದೇ ಸರ್.”

“ಅದು ಗೊತ್ತು. ಓದಿದ ಕೂಡಲೇ ಗೊತ್ತಾಯ್ತು. ಇದರಲ್ಲಿ ತಪ್ಪೇನಿದೆ ಅಂತ ಕೇಳಿದ್ರೆ, ಯಾವಾಗಲೂ ಹೀಗೆ ಇರಲ್ಲ ಅಂದ್ರು ಕಾರ್ಯದರ್ಶಿ. ಯಾವಾಗಲೂ ಹೇಗಿರುತ್ತೆ?”

“ತಜ್ಞರ ಅಭಿಪ್ರಾಯದಂತೆ ಅಂತ ಇರುತ್ತೆ ಸರ್.”

“ಯಾವ ತಜ್ಞರು?”

“ಯಾರೂ ಇಲ್ಲ ಸರ್.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹನ್ನೊಂದು ವರ್ಷ,” ಎಂದರು. “ಹನ್ನೊಂದು ವರ್ಷ ನನ್ನ ಕೈಲಿ ಸುಳ್ಳಿಗೆ ಸಹಿ ಹಾಕಿಸಿದ್ದೀರಿ. ನಾನು ದೇವರ ಮುಂದೆ ಕೂತು ಎದ್ದು ಬಂದ ಬಾಯಿಗೆ ನೀವು ಈ ಬಣ್ಣ ಬಳೀತಿದ್ರಿ.” ದನಿ ಏರಲಿಲ್ಲ, ಅದೇ ಭಯ ಹುಟ್ಟಿಸಿತು. “ಈ ಸಲ ಮಾತ್ರ ಯಾಕೆ ನಿಜ ಬರೆದ್ರಿ?”

ಹೇಳುವುದಕ್ಕೆ ಅವನ ಬಳಿ ಒಂದು ಸುಳ್ಳೂ ಉಳಿದಿರಲಿಲ್ಲ. ಹೇಳಿಬಿಟ್ಟ. ಅಕ್ಕ, ಕಾಲರ್ ಹೊಲಿದದ್ದು, ಗುರುವಾರ. ಹೇಳುತ್ತಾ ಹೇಳುತ್ತಾ ನಾಚಿಕೆಯಾಯಿತು.

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ತಾಯಿ ಸತ್ತ ಮನುಷ್ಯ, ಕಲ್ಲೆದೆಯವರಲ್ಲ. “ನಿಮ್ಮ ಸ್ವಾರ್ಥಕ್ಕೆ ನಿಜ ಬರೆದ್ರಿ ಅಂತಾಯ್ತು. ಇರಲಿ. ನಿಮ್ಮ ಅಕ್ಕ ಎರಡು ವರ್ಷ ಕಾದಿದ್ದಾರೆ. ಗುರುವಾರ ಅವರದು ಆಗಲಿ. ನಾನು ಶುಕ್ರವಾರ ಸಹಿ ಹಾಕ್ತೀನಿ. ಆದೇಶ ಹೀಗೇ ಇರಲಿ, ನನ್ನ ಮಾತಲ್ಲೇ.”

“ದೊಡ್ಡ ಉಪಕಾರವಾಯ್ತು ಸರ್,” ಎಂದು ಅವನು ಸೊಂಟ ಬಗ್ಗಿಸಿ ಕೈ ಮುಗಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ. ಆ ಕ್ಷಣದಲ್ಲಿ ಸಾಹೇಬರಂಥ ದೇವರಂಥ ಮನುಷ್ಯ ಇನ್ನೊಬ್ಬರಿಲ್ಲ ಎನ್ನಿಸಿತ್ತು ಅವನಿಗೆ.

ಗುರುವಾರ ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅವನು ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಯಾರೋ ಕೋಲು ಊರಿ ಬಂದು ಕೂತರು. ವಾಚಣ್ಣ.

“ಅಕ್ಕನ ತಮ್ಮ ಅಲ್ವಾ? ಕೆಮ್ಮಿನಲ್ಲೇ ಗೊತ್ತಾಯ್ತು. ಚೆನ್ನಾಗಾಗುತ್ತೆ ಬಿಡಪ್ಪ, ಹೆದರಬೇಡ. ನಂದು ನಾಡಿದ್ದು. ಶನಿವಾರ. ಕಣ್ಣು ಆಗಲೇ ಬಂದು ಒಳಗೆ ಪೆಟ್ಟಿಗೇಲಿದೆಯಂತೆ. ಇವತ್ತು ಪರೀಕ್ಷೆಗೆ ರಕ್ತ ಕೊಟ್ಟು ಹೋಗೋಣ ಅಂತ ಬಂದೆ.” ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. “ನಾಲ್ಕು ತಿಂಗಳಿಂದ ಒಂದು ಸ್ಕ್ರೂ ಬಿಗಿದಿಲ್ಲ ನೋಡು.”

ಶುಕ್ರವಾರ ಎನ್ನುವ ಮಾತು ಶುದ್ಧಪ್ರತಿಯ ಬಾಯಿಗೆ ಬಂದಿತ್ತು. ನುಂಗಿಕೊಂಡ. “ಒಳ್ಳೇದಾಯ್ತು ವಾಚಣ್ಣ,” ಎಂದ.

ಮನೆಗೆ ಹೋದವನಿಗೆ ಊಟ ಸೇರಲಿಲ್ಲ. ಕೂತು ಯೋಚಿಸಿದ. ಶುಕ್ರವಾರ ಬೆಳಿಗ್ಗೆ ಕಾನೂನು ಕಾರ್ಯದರ್ಶಿಗಳೇ ಅವನ ಮೇಜಿನ ಹತ್ತಿರ ಬಂದರು. “ಸಾಹೇಬರು ಹನ್ನೊಂದಕ್ಕೆ ಸಹಿ ಹಾಕ್ತಾರೆ. ಅವರು ಓದೋದು ಕೊನೇ ಸಾಲು. ಮೊದಲನೇ ಹಾಳೆ ಬದಲಾಯಿಸಿ. ವೈದ್ಯಕೀಯ ತಜ್ಞರ ಅಭಿಪ್ರಾಯ ಅಂತ ಹಾಕಿದ್ರೆ ಯಾವ ಕೋರ್ಟೂ ಮುಟ್ಟಲ್ಲ.”

“ತಜ್ಞರ ಹೆಸರು ಕೊಡಿ ಸರ್, ಹಾಕ್ತೀನಿ.”

“ಹೆಸರು ಕೇಳೋದು ಯಾವಾಗಿನಿಂದ ಕಲಿತ್ರಿ?”

“ಇವತ್ತಿನಿಂದ ಸರ್.”

ಅವನ ಎದೆ ಉಬ್ಬಿತ್ತು. ಹಾಳೆ ಬದಲಾಗದಿದ್ದರೆ ಆದೇಶ ಕೋರ್ಟಿನಲ್ಲಿ ಬೀಳುತ್ತದೆ, ವಾಚಣ್ಣನಿಗೂ ಅವರ ಹಿಂದಿನವರಿಗೂ ದಾರಿಯಾಗುತ್ತದೆ. ಅವನೇ ಕಡತ ಹಿಡಿದು ಒಳಗೆ ಹೋದ. ಸಾಹೇಬರು ಮೊದಲ ಹಾಳೆಯಿಂದ ಓದಿದರು, ತೃಪ್ತಿಯಿಂದ ತಲೆಯಾಡಿಸಿದರು. ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಕೇಳಿದರು, “ಅಕ್ಕ ಹೇಗಿದ್ದಾರೆ?”

“ಚೆನ್ನಾಗಿದ್ದಾರೆ ಸರ್.”

“ಮತ್ತೇನಾದ್ರೂ ಇದೆಯಾ?”

“ಇಲ್ಲ ಸರ್,” ಎಂದ. ಸಾಹೇಬರು ಸಹಿ ಹಾಕಿದರು.

ಸೋಮವಾರ ಅವನನ್ನು ಹಳೆ ಕಡತಗಳ ಉಗ್ರಾಣಕ್ಕೆ ವರ್ಗ ಮಾಡಿದರು. ಅಕ್ಕನಿಗೆ ಕಣ್ಣು ಬಂತು. ಪಟ್ಟಿ ಬಿಚ್ಚಿದ ದಿನ ಅವಳು ತಮ್ಮನನ್ನು ನೋಡಿ, “ತಲೆಯೆಲ್ಲ ಹಣ್ಣಾಗಿದೆಯಲ್ಲೋ,” ಎಂದು ಕಣ್ಣೊರೆಸಿಕೊಂಡಳು. ಕೋರ್ಟಿಗೆ ಹೋದವರು ಯಾರೋ ವಕೀಲರ ಸಂಘದವರು. ಕಾರ್ಯದರ್ಶಿಗಳು ಹೇಳಿದ್ದಂತೆ ಅದು ಒಂದೇ ದಿನದಲ್ಲಿ ಮುಗಿಯಲಿಲ್ಲ. ವಾಯಿದೆ ಮೇಲೆ ವಾಯಿದೆ ಬಿದ್ದು, ‘ದೇವರನ್ನು ಕೇಳುತ್ತಿದ್ದೆ’ ಎನ್ನುವ ಸಾಲನ್ನೇ ಹಿಡಿದು ನ್ಯಾಯಾಧೀಶರು ಆದೇಶವನ್ನು ರದ್ದು ಮಾಡುವಷ್ಟರಲ್ಲಿ ಐದು ತಿಂಗಳಾಗಿತ್ತು.

ತೀರ್ಪು ಬಂದ ಮರುದಿನ ಅವನು ಅಕ್ಕನ ಜೊತೆ ವಾಚಣ್ಣನ ಅಂಗಡಿಗೆ ಹೋದ. ಅಂಗಡಿಯೆಂದರೆ ಒಂದು ಮೇಜು, ಒಂದು ದೀಪ, ಗಾಜಿನ ಮುಚ್ಚಳದ ಕೆಳಗೆ ಬಿಡಿ ಬಿಡಿ ಗಡಿಯಾರಗಳು. ಮಗಳು ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ವಾಚಣ್ಣ ಗೋಡೆಗೊರಗಿ ಕೂತಿದ್ದರು. ಮೂರನೇ ತಿಂಗಳಲ್ಲೇ ಹುಣ್ಣು ಒಡೆದು ಕಣ್ಣು ಇಂಗಿಹೋಗಿತ್ತು. ಇನ್ನು ಯಾರ ಕಣ್ಣಿನ ಪೊರೆ ತಂದರೂ ಜೋಡಿಸಲು ಅಲ್ಲಿ ಏನೂ ಇರಲಿಲ್ಲ.

ಅಕ್ಕ ಅವರ ಕೈ ಹಿಡಿದುಕೊಂಡು ಅಳತೊಡಗಿದಳು. “ನಿನ್ನ ಅದೃಷ್ಟ ಚೆನ್ನಾಗಿತ್ತು ತಾಯಿ, ಒಂದು ದಿನ ಮುಂಚೆ ಸಿಕ್ತು,” ಎಂದರು ವಾಚಣ್ಣ.

ಶುದ್ಧಪ್ರತಿಗೆ ತಡೆಯಲಾಗಲಿಲ್ಲ. “ಅದೃಷ್ಟ ಅಲ್ಲ ವಾಚಣ್ಣ,” ಎಂದು ಎಲ್ಲವನ್ನೂ ಒಪ್ಪಿಸಿದ. ಸೋಮವಾರ ಬರೆದುಕೊಂಡದ್ದು, ಬುಧವಾರ ಬೈಸಿಕೊಂಡದ್ದು, ಸಾಹೇಬರು ಅಕ್ಕನಿಗೋಸ್ಕರ ಸಹಿಯನ್ನು ಶುಕ್ರವಾರಕ್ಕೆ ಮುಂದೆ ಹಾಕಿದ್ದು. ಹಾಳೆ ಬದಲಾಯಿಸುವುದಿಲ್ಲ ಎಂದು ತಾನು ಕಾರ್ಯದರ್ಶಿಗಳ ಎದುರು ನಿಂತದ್ದನ್ನೂ ಹೇಳಿದ. ಹೇಳುವಾಗ ದನಿ ಸ್ವಲ್ಪ ಗಟ್ಟಿಯಾಯಿತು. ಮಗಳು ಕೈಯಲ್ಲಿದ್ದ ಚಿಮುಟ ಕೆಳಗಿಟ್ಟು ಕೇಳುತ್ತಿದ್ದಳು.

ವಾಚಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರು. ಸಿಟ್ಟು ಬರಲಿಲ್ಲ ಅವರಿಗೆ. ಎಲ್ಲ ಮುಗಿದ ಮೇಲೆ, ಅರ್ಥವಾಗದ್ದನ್ನು ಬಿಡಿಸಿ ಕೇಳುವ ಹಾಗೆ ಕೇಳಿದರು:

“ನೀನು ಕೇಳಿದ್ರೆ ಅವರು ಒಪ್ತಿದ್ರು ಅನ್ನು. ಸೋಮವಾರ ಸಹಿ ಹಾಕಿ ಸರ್ ಅಂತ ನೀನು ಕೇಳಬಹುದಿತ್ತಲ್ಲಪ್ಪಾ?”