ಐನೂರಕ್ಕೇ ನಿಲ್ಲಬೇಕಾದ ಕಲೀಮುಲ್ಲಾ ಸಾಹೇಬರು

ಶಿವಾಜಿನಗರದ ಕಲೀಮುಲ್ಲಾ ಸಾಹೇಬರು ಮೂವತ್ತು ವರ್ಷ ಬೀರು, ಮಂಚ, ಟೀಪಾಯಿಗಳಿಗೆ ಪಾಲಿಶ್ ಹೊಡೆದವರು. ಟೀಪಾಯಿಯ ಮೇಲೆ ಬಗ್ಗಿದರೆ ಮೀಸೆಯ ಬಿಳಿಕೂದಲು ಎಣಿಸುವಂತಿರಬೇಕು, ಇಲ್ಲದಿದ್ದರೆ ಅದು ಪಾಲಿಶ್ ಅಲ್ಲ, ಮೋಸ ಎಂಬುದು ಅವರ ಖಚಿತ ಅಭಿಪ್ರಾಯ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ರೆಡಿಮೇಡ್ ಸೋಫಾಗಳು ಬಂದು ಆ ಕೆಲಸ ಕೈತಪ್ಪಿತು. ೨೦೦೪ರಲ್ಲಿ ಇಂದಿರಾನಗರದ, ಚೆಂಡು ಉರುಳಿಸಿ ಬಾಟಲಿಯಂಥ ಪಿನ್ನುಗಳನ್ನು ಬೀಳಿಸುವ ಆಟದ, ಒಂದು ಬೌಲಿಂಗ್ ಸೆಂಟರ್‌ನವರು ಚೆಂಡು ಉಜ್ಜಲು ಅವರನ್ನು ಇಟ್ಟುಕೊಂಡರು. ಮನೆಯಲ್ಲಿ ಹೆಂಡತಿ ಫಹ್ಮಿದಾ ಇದನ್ನು ನಂಬಲೇ ಇಲ್ಲ. ಆರೂವರೆ ಕೆಜಿ ತೂಗುವ, ಬೆರಳು ತೂರಿಸಲು ಮೂರು ತೂತಿರುವ ಚೆಂಡನ್ನು ಬುದ್ಧಿ ಇರುವವರು ಯಾರಾದರೂ ಉರುಳಿಸುತ್ತಾರೆಯೇ ಎಂದು ವಾರವಿಡೀ ಪೀಡಿಸಿದಳು.

ಉಪ್ಪುಕಾಗದದ ನಂಬರುಗಳನ್ನು ಸಾಹೇಬರಿಗೆ ಹೇಳಿಕೊಡಬೇಕಾಗಿರಲಿಲ್ಲ. ನಂಬರು ಚಿಕ್ಕದಾದಷ್ಟೂ ಹರಳು ದಪ್ಪ, ಗೀರು ಆಳ. ನಂಬರು ಏರಿದಂತೆ ನುಣುಪು. ಅಲ್ಲಿ ಕಾಗದದ ಬದಲು ಐನೂರು, ಸಾವಿರ, ಎರಡು ಸಾವಿರ, ನಾಲ್ಕು ಸಾವಿರ ಎಂದು ನಾಲ್ಕು ಬಗೆಯ ದುಂಡು ಬಿಲ್ಲೆಗಳಿದ್ದವು. ತಿರುಗುವ ಯಂತ್ರದ ಮೇಲೆ ಚೆಂಡು ಕೂರಿಸಿ, ನೀರು ಚಿಮುಕಿಸಿ, ಬಿಲ್ಲೆ ಒತ್ತಿ ಹಿಡಿದರೆ ಆಯಿತು. ಅವರಿಗೆ ಅರ್ಥವಾಗದಿದ್ದದ್ದು ಒಂದೇ. ನಾಲ್ಕು ಮೆಟ್ಟಿಲಿರುವಾಗ ಮೊದಲನೆಯದರ ಮೇಲೇ ಯಾರಾದರೂ ಕೂತುಬಿಡುತ್ತಾರೆಯೇ?

ಅಲ್ಲಿ ಆಡಲು ಬರುತ್ತಿದ್ದ ಗರುಡಾಚಾರ್‌ಪಾಳ್ಯದ ಉಮಾಶ್ರೀ ಒಂದು ಸಂಜೆ ಕೇಳಿದ್ದು ಅದನ್ನೇ. ಮರುದಿನ ರಾಜ್ಯ ತಂಡಕ್ಕೆ ಆಯ್ಕೆ ಪಂದ್ಯ. "ಸಾಬ್ರೇ, ಐನೂರಕ್ಕೆ ನಿಲ್ಸಿ. ಮುಂದಕ್ಕೆ ಹೋಗ್ಬೇಡಿ," ಎಂದು ಚೆಂಡು ಕೊಟ್ಟು ಹೋದಳು.

ಪಾಪ, ವಯಸ್ಸಾದವನಿಗೆ ತೊಂದರೆ ಬೇಡವೆಂದು ಸಂಕೋಚಪಡುತ್ತಿದ್ದಾಳೆ ಎಂದುಕೊಂಡರು ಸಾಹೇಬರು. ಅವರಿಗೆ ಮಮತೆ ಉಕ್ಕಿತು. ನಾಲ್ಕೂ ಬಿಲ್ಲೆ ಹಾಕಿ, ಮೇಲೆ ಪಾಲಿಶನ್ನೂ ಹೊಡೆದರು. ಚೆಂಡು ಮದುವೆ ಹೆಣ್ಣಿನ ಹಾಗೆ ಮಿರಮಿರ ಮಿಂಚಿತು.

ಬೆಳಿಗ್ಗೆ ಅಭ್ಯಾಸಕ್ಕೆಂದು ಉಮಾಶ್ರೀ ಅದನ್ನು ಉರುಳಿಸಿದಳು. ಎಣ್ಣೆ ಬಳಿದ ಹಲಗೆಯ ಮೇಲೆ ಚೆಂಡು ಸೊಯ್ಯನೆ ಜಾರಿತು. ತಿರುಗಬೇಕಾದಲ್ಲಿ ತಿರುಗದೆ, ಹತ್ತು ಪಿನ್ನುಗಳಲ್ಲಿ ಮೂಲೆಯ ಒಂದನ್ನು ಮಾತ್ರ ಬೀಳಿಸಿ ಹೋಯಿತು. ಎರಡನೆಯ ಸಲವೂ ಅದೇ ಕಥೆ.

"ಏನ್ ಮಾಡ್ಬಿಟ್ರಿ ಸಾಬ್ರೇ! ಗೀರಿದ್ರೆ ತಾನೆ ಎಣ್ಣೇಲಿ ಹಿಡಿತ ಸಿಗೋದು? ಹಿಡಿತ ಇದ್ರೆ ತಾನೆ ತಿರುಗೋದು? ಇನ್ನು ಇಪ್ಪತ್ತು ನಿಮಿಷಕ್ಕೆ ಮ್ಯಾಚು. ಮೂರು ವರ್ಷದಿಂದ ಕಾಯ್ತಿದ್ದೀನಿ ಇದಕ್ಕೆ." ಅವಳ ಕಣ್ಣು ತುಂಬಿತ್ತು.

ಸಾಹೇಬರು ಚೆಂಡನ್ನು ಎದೆಗವಚಿಕೊಂಡು ಒಳಗೆ ಓಡಿದರು. ಐನೂರರ ಬಿಲ್ಲೆ ಕೈಗೆತ್ತಿಕೊಂಡರೂ ಒತ್ತಲು ಕೈ ಬರಲಿಲ್ಲ. ಮೂವತ್ತು ವರ್ಷ ಯಾವುದಕ್ಕೆ ಬೆವರು ಸುರಿಸಿದ್ದರೋ ಅದನ್ನು ತಾವೇ ಕೆಡಿಸಬೇಕು. "ತೌಬಾ, ತೌಬಾ," ಎನ್ನುತ್ತಾ ಮುಖ ಆಚೆ ತಿರುಗಿಸಿ ಒತ್ತಿದರು. ಹೊಳಪೆಲ್ಲ ಹೋಗಿ ಚೆಂಡು ಹಳೇ ಸ್ಲೇಟಿನಂತಾಯಿತು. ಬೆರಳು ಸವರಿದರು, ಸಣ್ಣಗೆ ತರಕಲಾಗಿತ್ತು. ನೋಡಲು ಅಸಹ್ಯ, ಆದರೆ ಎಲ್ಲ ಕಡೆ ಒಂದೇ ಸಮ. ಅಷ್ಟರಮಟ್ಟಿಗೆ ಕಸುಬು ಮಾನ ಉಳಿಸಿಕೊಂಡಿತ್ತು.

ಪಂದ್ಯದಲ್ಲಿ ಆ ಸ್ಲೇಟು ಅಂಚಿನವರೆಗೆ ಹೋಗಿ, ಏನೋ ನೆನಪಾದಂತೆ ಒಳಕ್ಕೆ ತಿರುಗಿ, ಹತ್ತಕ್ಕೆ ಹತ್ತನ್ನೂ ಉರುಳಿಸಿತು. ಮಧ್ಯಾಹ್ನದ ಹೊತ್ತಿಗೆ ಉಮಾಶ್ರೀ ತಂಡಕ್ಕೆ ಆಯ್ಕೆಯಾಗಿದ್ದಳು. ಸಾಹೇಬರು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಇಷ್ಟು ಖುಷಿ ಅವರಿಗೆ ಯಾವ ಬೀರುವೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಅವಳು ಆ ಮಂಕು ಚೆಂಡನ್ನು ತಲೆಯ ಮೇಲಕ್ಕೆ ಎತ್ತಿ, "ಇದನ್ನ ರೆಡಿ ಮಾಡಿಕೊಟ್ಟಿದ್ದು ನಮ್ಮ ಕಲೀಮುಲ್ಲಾ ಸಾಬ್ರು!" ಎಂದು ಕೂಗಿದಳು. ನೆರೆದ ಜನವೆಲ್ಲ ಚಪ್ಪಾಳೆ ತಟ್ಟುತ್ತಾ ಇತ್ತ ತಿರುಗಿತು.

ಸಾಹೇಬರು ಓಡಿಬಂದು ಚೆಂಡಿಗೆ ತಮ್ಮ ಟವೆಲು ಮುಚ್ಚಿದರು.

"ನಿಮ್ ದಮ್ಮಯ್ಯ ಅಮ್ಮಾ, ಹೆಸರು ಮಾತ್ರ ಹೇಳ್ಬೇಡಿ. ಶಿವಾಜಿನಗರದವ್ರು ಯಾರಾದ್ರೂ ನೋಡ್ಬಿಟ್ರೆ ನನ್ ಗತಿ ಏನು?"