ರಸ್ತೆ ಬದಿಯ ನಾಲ್ಕು ಸಾಲು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪಾಮನಕಲ್ಲೂರಿನ ಒಂದು ಹೊಲದಲ್ಲಿ ಬಿತ್ತುವ ಜೋಳದ ಬೀಜ ತೀರಿಹೋಯಿತು. ರಸ್ತೆ ಬದಿಯ ನಾಲ್ಕು ಸಾಲು ಇನ್ನೂ ಬಾಕಿ ಇದ್ದವು. ನಾನು ಅಲ್ಲೇ ಬೇವಿನ ನೆರಳಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತಿದ್ದೆ.

ಸೊಂಟಕ್ಕೆ ಕಟ್ಟಿದ ಬಟ್ಟೆಯ ಉಡಿಯಲ್ಲಿ ಬೀಜ ತುಂಬಿಕೊಂಡು, ಎತ್ತಿನ ಕೂರಿಗೆಯ ಹಿಂದೆ ನಡೆದು ಕಾಳು ಬಿಡುತ್ತಿದ್ದವಳು ಹೊಸ ಸೊಸೆ ರೇಣುಕಾ. ಅವಳ ತವರು ಸಿಂಧನೂರು ಕಡೆಯ ಕಾಲುವೆ ಊರು. ಭತ್ತದ ಸಸಿ ಒತ್ತೊತ್ತಾಗಿ ನೆಟ್ಟು ಬೆಳೆದವಳು, ಇಲ್ಲೂ ಕೈ ಸಡಿಲ ಬಿಟ್ಟು ಕಾಳು ದಟ್ಟವಾಗಿ ಸುರಿದಿದ್ದಳು.

"ಇಲ್ಲಿ ಕಾಲುವಿ ಇಲ್ಲ ಬೇ. ಇದ್ದಷ್ಟು ಹಸಿ ಎಷ್ಟು ಕಾಳು ಸಾಕೀತು?" ಎಂದರು ಅತ್ತೆ ಹನುಮವ್ವ. ಮನೆಯಲ್ಲಿ ಕಾಯ್ದಿಟ್ಟ ಬೀಜ ಅಷ್ಟೇ ಇತ್ತು. ನೆಲದ ತೇವ ನಾಳೆಗೆ ಆರುವಂತಿತ್ತು.

ರೇಣುಕಾ ಬರಿದಾದ ಉಡಿ ಬಿಚ್ಚಿ ಚಾಚಿದಳು. "ನೀವೇ ಬಿತ್ರಿ ಅತ್ತಿ."

ಹನುಮವ್ವ ತೆಗೆದುಕೊಳ್ಳಲಿಲ್ಲ. ಬದುವಿನ ಮೇಲಿಟ್ಟಿದ್ದ ತಮ್ಮ ಬುಟ್ಟಿಯಿಂದ ಕುಸುಬೆ ಬೀಜ ತಂದು ಅದೇ ಉಡಿಗೆ ಸುರಿದರು.

"ನಾ ತಪ್ಪು ಮಾಡೀನಂತ ಮುಳ್ಳಿನ ಬೆಳಿ ಬಿತ್ತಸಾಕತ್ತೀರೇನ್ರಿ?"

"ಮುಳ್ಳಿದ್ರ ದನ ಬಾಯಿ ಹಾಕಂಗಿಲ್ಲ. ನಿನ್ನ ಸಾಲೇ ನನ್ನ ಜೋಳ ಕಾಯ್ತಾವ. ಬೆರಳು ಬಿಗಿ ಹಿಡಿ."

ಬಸ್ಸು ಬಂದಾಗ ಕೂರಿಗೆ ರಸ್ತೆ ಬದಿಯ ಸಾಲಿನ ಅರ್ಧಕ್ಕೆ ಬಂದಿತ್ತು. ಉಡಿ ಮತ್ತೆ ರೇಣುಕಾಳ ಸೊಂಟದಲ್ಲೇ ಇತ್ತು.