ಗುಲಾಬಬಿ ನುಂಗಿದ್ದು

ಲಕ್ಷ್ಮೇಶ್ವರದ ಪೇಟೆಯ ಹಿಂದಿನ ಓಣಿಯಲ್ಲಿ ಕೌದಿ ಹೊಲಿಯುವ ಗುಲಾಬಬಿಗೆ ಐವತ್ತೈದು ದಾಟಿದೆ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಓಣಿಯ ಹೆಂಗಸರೊಡನೆ ಸುತ್ತ ಕೂತು ಹೊಲಿಯುವಾಗ ಬೆರಳಿಗೆ ಸೂಜಿ ನಾಟುವುದು ಇದ್ದದ್ದೇ. ಉಳಿದವರು ಬೆರಳು ಚೀಪುತ್ತ ಕೂತರೆ, ಗುಲಾಬಬಿಯ ರಕ್ತ ಸೆರಗಿಗೆ ಒರೆಸುವಷ್ಟರಲ್ಲಿ ನಿಲ್ಲುತ್ತಿತ್ತು. "ನನ್ನ ರಕ್ತ ಗಟ್ಟಿ ಐತಿ" ಎಂದು ಬೀಗುತ್ತಿದ್ದಳು. ಗಟ್ಟಿ ರಕ್ತದವಳಿಗೆ ಎಂಥ ರೋಗ ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು.

ಬಿಪಿ ಇದೆ, ಗುಳಿಗೆ ತಗೊಳ್ಳಬೇಕು ಎಂದು ಆಶಾ ಕಾರ್ಯಕರ್ತೆ ವರ್ಷಗಳ ಹಿಂದೆಯೇ ಮನೆಗೆ ಬಂದು ಹೇಳಿಹೋಗಿದ್ದಳು. ಗಂಡ ಮಾಶಾಕನಿಗೂ ಬಿಪಿ. ಅವನ ಗುಳಿಗೆ ಒಂದು ದಿನವೂ ತಪ್ಪದಂತೆ ನೋಡಿಕೊಂಡವಳು ಇವಳೇ. ಇವಳಿಗೆ ಅವನು ಕೊಟ್ಟದ್ದು ಮಾತ್ರ ಬುದ್ಧಿಮಾತು: "ಸಿಟ್ಟು ಬಿಡು, ಬಿಪಿ ತಾನ ಇಳೀತೈತಿ." ಪಕ್ಕದ ಮನೆಯ ಶೇಖವ್ವನೂ ಅದನ್ನೇ ಅಂದಳು. ಗಂಡಸಿನ ಬಿಪಿಗೆ ಔಷಧ, ಹೆಂಗಸಿನ ಬಿಪಿಗೆ ಉಪದೇಶ. ಈ ಚಿಕಿತ್ಸೆ ಕಂಡುಹಿಡಿದ ಪುಣ್ಯಾತ್ಮನ ಬಾಯಿಗೆ ಮಣ್ಣು ಬೀಳಲಿ. ಗುಲಾಬಬಿ ನಂಬಿದಳು, ಗುಳಿಗೆ ಮುಟ್ಟಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಹೊಲಿಗೆ ಹಾಕಿದಳು.

ಮೊನ್ನೆ ಕೌದಿಯ ಅಂಚು ಹೊಲಿಯುತ್ತಿದ್ದಾಗ ಬಲಗೈಯಿಂದ ಸೂಜಿ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಾಗಲಿಲ್ಲ, ಮಾತು ತೊದಲಿತು. ಗದಗಿನ ಆಸ್ಪತ್ರೆಗೆ ಒಯ್ದರು.

"ಮಿದುಳಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೇತ್ರಿ" ಎಂದರು ಡಾಕ್ಟರ್ ಮೇಧಾ.

"ನನ್ನ ರಕ್ತ ಮೊದಲಿಂದ ಗಟ್ಟಿರಿ. ಸೂಜಿ ಚುಚ್ಚಿದ್ರ ಲಗೂನ ನಿಲ್ಲತಿತ್ತು" ಎಂದಳು ಗುಲಾಬಬಿ, ತಡವರಿಸುತ್ತ.

"ಸೂಜಿ ಗಾಯದಿಂದ ಏನೂ ತಿಳಿಯೂದಿಲ್ಲರಿ. ರಕ್ತದಾಗ ಹೆಪ್ಪುಗಟ್ಟಿಸೋ ಪ್ರೋಟೀನ್ ಇರತಾವ. ಬಿಪಿ ಏರಿದವರಿಗೆ ಅವು ಹೆಚ್ಚಾಗಿರಬಹುದು. ಮುಟ್ಟು ನಿಂತ ಹೆಣ್ಣಮಕ್ಕಳು ಇನ್ನೂ ಹುಷಾರಿರಬೇಕು. ಗಾಯ ಇಲ್ಲದನ ಒಳಗ ಹೆಪ್ಪು ಕಟ್ಟತೈತಿ. ಬಿಪಿ ಐತಿ ಅಂತ ಗೊತ್ತಿದ್ರೂ ಗುಳಿಗಿ ಯಾಕ ತಗೊಳ್ಳಿಲ್ಲ?"

ಮಾಶಾಕ ನಡುವೆ ಬಾಯಿ ಹಾಕಿದ. "ಅಕಿದು ಸಿಟ್ಟಿನ ಬಿಪಿರಿ. ಅದಕ್ಕ ಗುಳಿಗಿ ಬೇಕಾಗಂಗಿಲ್ಲ ಅನ್ಕೊಂಡಿದ್ವಿ."

ಗುಲಾಬಬಿಯ ಮೈಯೆಲ್ಲ ಉರಿಯಿತು. ಎಡಗೈಯಿಂದ ಸತ್ತಂತಿದ್ದ ಬಲಗೈಯನ್ನು ಎತ್ತಿ ಅವನ ಮಡಿಲಲ್ಲಿ ಇಟ್ಟಳು.

"ಸಿಟ್ಟಾಗಬ್ಯಾಡ, ಮತ್ತ ಏರತೈತಿ" ಎಂದ ಮಾಶಾಕ, ಈಗಲೂ.

"ಇಷ್ಟು ವರ್ಷ ಸಿಟ್ಟು ನುಂಗೀನಿ" ಎಂದಳು ಅವಳು, ಒಂದೊಂದೇ ಮಾತು ಹೊರಳಿಸುತ್ತ. "ಅದರ ಬದಲಿ ನಿಮ್ಮ ಹಂಗ ಗುಳಿಗಿ ನುಂಗಿದ್ದರ ಈ ಕೈ ಉಳೀತಿತ್ತು."